ಎರಡಂಕಣದ ಶೆಡ್ಡು

…ಅಲ್ಲ ಮೇಸ್ತ್ರಿ, ಒಂಬತ್ತು ಮೀಟರ್ ಯಾಕೆ? ಯಾರಿಗೆ? ಮನೇಲಿರೋದು ಗಂಡ ಹೆಂಡತಿ, ನಾನು, ಎರಾಸ್ಮೊ, ಇಬ್ಬರೇ. ಹೊರಗೆ ಎರಡು ಹಂದಿ, ಒಂದು ಜೊತೆ ಎತ್ತು. ಆರು ಸಾಕು. ಆರು ಅಗಲ, ಆರು ಉದ್ದ. ಬರ್ಕೊಳ್ಳಿ. ಆ ಪೆನ್ಸಿಲ್ ಕಿವಿ ಮೇಲೆ ಸಿಗಿಸ್ಕೊಂಡಿರೋದು ಅಲಂಕಾರಕ್ಕಾ? ತೆಗೀರಿ. ಆರು, ಆರು.

ಯಾಕೆ ನಗ್ತೀರಿ?

ಹಳೇದು ಒಂಬತ್ತಿತ್ತು, ಗೊತ್ತು. ಕಟ್ಟಿದವರು ನೀವೇ, ಅದೂ ಮರೆತಿಲ್ಲ. ಮೂರು ಅಂಕಣ, ಅಂಕಣಕ್ಕೆ ಮೂರು ಮೀಟರು. ಹದಿನೆಂಟು ವರ್ಷ ನಿಂತಿತ್ತು. ಈಗೆಲ್ಲಿದೆ? ಕೆಳಗೆ ದಂಡೆ ಹತ್ರ ಅಂಗಾತ ಮಲಗಿದೆ! ನಿಮ್ಮ ಕೆಲಸದ ಮೇಲೆ ಆಡ್ಕೋತಿಲ್ಲ ಮಾರಾಯ್ರೆ, ಮುಖ ಹಾಗೆ ಮಾಡ್ಬೇಡಿ. ಸಮುದ್ರ ವರ್ಷಕ್ಕೊಂದು ಹೆಜ್ಜೆ ಮೇಲೆ ಬರ್ತಿತ್ತು, ಮರದ ಮನೇನ ಇಡಿಯಾಗಿ ಎತ್ತು ಕಟ್ಟಿ ಮೇಲಕ್ಕೆ ಎಳೆಸಲೇಬೇಕಿತ್ತು. ಎಳೆಸಿದ್ವಿ. ಈ ಶೆಡ್ಡು ಇಷ್ಟು ವರ್ಷ ಮನೆ ಗೋಡೆಗೆ ಒರಗಿಕೊಂಡೇ ನಿಂತಿತ್ತು ಅಂತ ಯಾರಿಗೆ ಗೊತ್ತಿತ್ತು? ಮನೆ ಹೊರಟಿತು, ಇದು ದೊಪ್ಪಂತ ಬಿತ್ತು. ಎರಾಸ್ಮೊ ಏನಂದ ಗೊತ್ತಾ? "ಪಾಪ, ಒಂಟಿತನ ತಡ್ಕೊಳ್ಳೋಕಾಗ್ಲಿಲ್ಲ" ಅಂದ. ಕೆಳಗೆ ಮೂಟೆಗಟ್ಟಲೆ ಆಲೂಗಡ್ಡೆ ಸಿಕ್ಕಿಹಾಕ್ಕೊಂಡಿದೆ, ಇವನಿಗೆ ತಮಾಷೆ.

ಈಗ ನೋಡಿ, ಅವಶೇಷದಡಿಯಿಂದ ತೆಗೆದ ಮೂಟೆ ಎಲ್ಲಾ ಮಲಗೋ ಕೋಣೇಲಿದೆ. ಎರಾಸ್ಮೊ ಮೂಟೆ ಮೇಲೇ ಮಲಗ್ತಾನೆ. ಸೊಂಟ ಹಿಡಿದಿದೆಯಂತೆ. ಗಡ್ಡೆಗೆಷ್ಟು ನೋವಾಗಿದೆಯೋ ಅದನ್ನ ಕೇಳಲ್ಲ. ಈ ಚಿಲೊಯೆ ದ್ವೀಪದ ಮಳೆ ಹಿಡಿಯೋದಕ್ಕೆ ಮುಂಚೆ ಶೆಡ್ಡು ಏಳ್ಬೇಕು, ಅಷ್ಟೇ ನನ್ನ ಆಸೆ.

ಆ ಬುಟ್ಟಿ ಯಾಕೆ ತೊಡೆ ಮೇಲೆ ಇಟ್ಕೊಂಡು ಕೂತಿದ್ದೀರಿ, ಬಸ್ಸಿಗೆ ಕಾಯೋರ ಹಾಗೆ? ಬಾಗಿಲ ಹತ್ರ ಇಡಿ. ಗೊತ್ತು, ಗೊತ್ತು, ನಿಮ್ಮ ಮಗಳು ನೆಲಿದಾ ಹೇಳಿ ಕಳಿಸಿದ್ದಾಳೆ. ಶುಕ್ರವಾರದ ದೋಣೀಲಿ ಗಂಡನ ಊರಿಗೆ ವಾಪಸ್ಸು. ಹೋಗೋವಾಗ ಅವಳಮ್ಮನ ಕರಿಗಡ್ಡೆ ಬಿತ್ತನೆಗೆ ಬೇಕು. ಕೊಡ್ತೀನಿ. ಕೊಡಲ್ಲ ಅಂದ್ನಾ? ಅವಳ ದೀಕ್ಷಾಸ್ನಾನದ ದಿನ ಅವಳನ್ನ ಎತ್ಕೊಂಡು ನಿಂತ ಧರ್ಮತಾಯಿ ನಾನು. ಅವತ್ತಿಂದ ತಾನೇ ನೀವು ನನಗೆ ಕೊಂಪಾದ್ರೆ, ನಾನು ನಿಮಗೆ ಕೊಮಾದ್ರೆ ಆಗಿದ್ದು? ನನ್ನ ಮಗಳಿಗೆ ನಾನು ಇಲ್ಲ ಅಂತೀನಾ? ಎಲ್ಲಾ ಇದೆ. ಒಳಗಿದೆ. ಮೊದಲು ಶೆಡ್ಡಿನ ಮಾತು ಮುಗೀಲಿ.

ಕುಡೀರಿ, ಸೇಬಿನ ಹೆಂಡ ಈ ಸಲದ್ದು. ಹುಳಿಯಾಗಿದೆಯಾ? ಹುಳಿಯಾಗೇ ಇರಬೇಕು.

ಹಾಂ, ಆರು ಆರು ಯಾಕೆ ಅಂತ ಹೇಳ್ತೀನಿ ಕೇಳಿ. ಈ ಕ್ಲೋರಿಂದಾ ಲೆಕ್ಕ ಇಲ್ಲದೆ ಬಾಯಿ ಬಿಡಲ್ಲ ಅಂತ ಊರೇ ಹೇಳುತ್ತೆ. ಈ ಬೆಂಕಿಕಡ್ಡಿ ನೋಡಿ. ಹದಿನಾರು ಇದೆ. ಎಣಿಸಿ, ನನ್ನ ಮಾತು ನಂಬ್ಬೇಡಿ. ಎಣಿಸಿದ್ರಾ? ಈಗ ಇದೇ ಗೋಡೆ. ಒಂದೊಂದು ಕಡೆಗೆ ನಾಲ್ಕು ನಾಲ್ಕು ಇಡ್ತೀನಿ. ಒಳಗೆ ಎಷ್ಟು ಚೌಕ ಹಿಡೀತು? ನಾಲ್ಕು ನಾಲ್ಕಲ ಹದಿನಾರು. ಈಗ ಅದೇ ಕಡ್ಡಿ ಉದ್ದುದ್ದಕ್ಕೆ ಇಡ್ತೀನಿ. ಈ ಕಡೆ ಆರು, ಆ ಕಡೆ ಆರು, ಅಡ್ಡಕ್ಕೆ ಎರಡೆರಡು. ಎಷ್ಟಾಯ್ತು? ಹನ್ನೆರಡೇ! ಕಡ್ಡಿ ಅಷ್ಟೇ, ಜಾಗ ಹೋಯ್ತು! ಇನ್ನೂ ಎಳೀರಿ, ಏಳು ಒಂದು. ಬರೀ ಏಳು ಚೌಕ, ಅದರೊಳಗೆ ಹಾವು ಸಾಕಬಹುದು ಅಷ್ಟೇ. ಆದ್ದರಿಂದ ಚೌಕ ಕಟ್ಟಿದವನು ಜಾಣ, ಉದ್ದ ಕಟ್ಟಿದವನು ಮೇಸ್ತ್ರಿ.

ಕೃಷಿ ಇಲಾಖೆ ಹುಡುಗಿ ಬಂದಿದ್ದಾಗ ಇದೇ ಆಟ ತೋರಿಸಿದೆ. ಬಾಯಿ ಬಿಟ್ಕೊಂಡು ನೋಡಿದ್ಲು. ತನ್ನ ಚೀಟೀಲೂ ಹಾಗೇ ಬರೆದಿದೆ ಅಂದ್ಲು.

ಏನು? ತಲೆ ಯಾಕೆ ಅಲ್ಲಾಡಿಸ್ತೀರಿ? ಚಾವಣಿನಾ? ಹೌದು, ಅಗಲ ಹೆಚ್ಚಾದಷ್ಟೂ ತೊಲೆ ದಪ್ಪ ಬೇಕು, ದಪ್ಪ ತೊಲೆ ಈ ಕಾಲದಲ್ಲಿ ಸಿಗಲ್ಲ. ನನಗೆ ಹೇಳ್ತೀರಾ? ಅದಕ್ಕೇ ಅಗಲ ಮುಟ್ಟಿಲ್ಲ ನೋಡಿ. ಆರು ಅಂದ್ರೆ ಹಳೇ ಅಗಲ, ಹಳೇ ತೊಲೆ ಹಾಗೇ ಬರುತ್ತೆ. ಎರಾಸ್ಮೊ ಈಗ್ಲೂ ಕೆಳಗೇ ಇದ್ದಾನೆ, ಅವಶೇಷದಿಂದ ತಗಡು ಬಿಚ್ತಿದ್ದಾನೆ. ಒಂದೊಂದು ಮೊಳೆ ಕೀಳೋಕೂ ಒಂದೊಂದು ಬೈಗುಳ. ಇಲ್ಲಿಗೇ ಕೇಳುತ್ತೆ, ಕಿವಿ ಕೊಡಿ.

ಹಲಗೇನೂ ಯೋಚಿಸಿದ್ದೀನಿ. ಸಾಮಿಲ್ಲಿನ ಹಲಗೆ ಮೂರು ಮೀಟರ್ ಇಪ್ಪತ್ತು ಬರುತ್ತೆ. ಅಂಕಣ ಮೂರು ಮೀಟರ್ ಮಾಡಿದ್ರೆ ತುದಿ ಒಂದರ ಮೇಲೊಂದು ಕೂರೋಕೆ ಅಷ್ಟೇ ಸರಿ, ಒಂದು ಚೂರೂ ದಂಡ ಇಲ್ಲ. ಐದು ಮೀಟರ್ ಮಾಡಿ ನೋಡಿ, ಎರಡನೇ ಹಲಗೇಲಿ ಒಂದು ಮೀಟರ್ ಒಲೆಗೆ. ನಾಲ್ಕು ಮೀಟರ್ ಮಾಡಿ, ಇನ್ನೂ ಕಷ್ಟ. ಆದ್ದರಿಂದ ಮೂರರ ಲೆಕ್ಕದಲ್ಲೇ ಹೋಗ್ಬೇಕು. ಮೂರು, ಆರು, ಒಂಬತ್ತು. ಮೂರಕ್ಕೆ ಹಂದಿ ಸಾಕಬಹುದು. ಒಂಬತ್ತಕ್ಕೆ… ಒಂಬತ್ತು ಬೇಡ. ಆರು. ಗೋಡೆ ಸುತ್ತು ಇಪ್ಪತ್ನಾಲ್ಕು. ಹಳೇದು ಮೂವತ್ತಿತ್ತು. ಕಂಬ ಎಂಟು. ಹಳೇದಕ್ಕೆ ಹತ್ತು ಹೂತಿದ್ರಿ. ಎರಡು ಕಂಬ, ಆರು ಮೀಟರ್ ಗೋಡೆ, ಒಂದು ಅಂಕಣದ ತಗಡು, ನಿಮ್ಮ ನಾಲ್ಕು ದಿನದ ಕೆಲಸ, ಎಲ್ಲಾ ಉಳೀತು. ನಿಮ್ಮ ಮಂಡಿಗೂ ಒಳ್ಳೇದು. ಏಣಿ ಹತ್ತೋವಾಗ ನಿಮ್ಮ ಮಂಡಿ ಲಟಲಟ ಅನ್ನೋದು ಇಗರ್ಜೀಲಿ ಕೂತೋರಿಗೂ ಕೇಳುತ್ತೆ.

ಏನು ಬರೀತಿದ್ದೀರಿ? ತೋರಿಸಿ. "ಗೋಡೆ: ಐದರಲ್ಲೊಂದು. ನೆಲ: ಮೂರರಲ್ಲೊಂದು." ಹಂಗಂದ್ರೆ?

ಓ… ಗೋಡೆ ಉಳಿಯೋದು ಐದನೇ ಒಂದು ಪಾಲು, ಜಾಗ ಹೋಗೋದು ಮೂರನೇ ಒಂದು ಪಾಲು, ಅಂತಾನಾ? ಉಳಿಸೋದಕ್ಕಿಂತ ಕಳ್ಕೊಳ್ಳೋದೇ ಜಾಸ್ತಿ ಅಂತಾನಾ? ಬಾಯಲ್ಲಿ ಮಾತಿಲ್ಲ, ಪೆನ್ಸಿಲ್ಲಲ್ಲಿ ಮಾತ್ರ ವಿಷ! ಅಲ್ಲ ಸ್ವಾಮಿ, ಜಾಗ ಬೇಕಾದೋರಿಗೆ ತಾನೇ ಅದು ನಷ್ಟ? ನನಗೆ ಬೇಡ. ಬೇಡದ ಜಾಗದ ಮೇಲೆ ತಗಡು ಹೊದಿಸಿ ಅದಕ್ಕೆ ಮಳೆ ತಾಕದ ಹಾಗೆ ನೋಡ್ಕೊಳ್ಳೋದು ಯಾವ ಮಿತವ್ಯಯ?

ಸರಿ, ನಂಬಿಕೆ ಇಲ್ವಾ? ಬನ್ನಿ, ತುಂಬಿಸಿ ತೋರಿಸ್ತೀನಿ. ಇದ್ದಿಲು ಕೊಡಿ ಇಲ್ಲಿ. ಮೇಜು ಹಾಳಾದ್ರೆ ಆಗ್ಲಿ, ಹೇಗೂ ಮನೆ ಎಳೆಯೋವಾಗ ಒಂದು ಕಾಲು ಮುರ್ಕೊಂಡಿದೆ. ಇದು ಆರು, ಇದು ಆರು. ಬಾಗಿಲು ಇಲ್ಲಿ, ಬೆಟ್ಟದ ಕಡೆಗೆ, ಗಾಳಿಗೆ ಬೆನ್ನು. ಈಗ ಕಾಳು ಇಡ್ತೀನಿ. ಒಂದು ಕಾಳಿಗೆ ಐದು ಮೂಟೆ.

ಮನೆಗೆ ತಿನ್ನೋಕೆ, ಇಪ್ಪತ್ತು ಮೂಟೆ. ನಾಲ್ಕು ಕಾಳು, ಈ ಮೂಲೇಲಿ. ಬೆರಳು ಮಡಚ್ತಿದ್ದೀರಾ? ಮಡಚಿ, ಒಳ್ಳೇದು, ಸಾಕ್ಷಿಗಿರ್ಲಿ. ಕಿರುಬೆರಳು. ಹಂದಿಗೆ ಹತ್ತು ಮೂಟೆ, ಸಣ್ಣವು, ಗಾಯವಾದವು. ಎರಡು ಕಾಳು. ಉಂಗುರದ ಬೆರಳು. ಮಾರೋಕೆ, ಸರಕಿನ ದೋಣಿ ಬರೋವರೆಗೆ, ನಲವತ್ತು. ಎಂಟು ಕಾಳು, ಈ ಗೋಡೆ ಉದ್ದಕ್ಕೆ. ಮಧ್ಯದ ಬೆರಳು. ಎತ್ತಿಗೆ ಹುಲ್ಲು, ಅದು ಮೇಲೆ ಅಟ್ಟದಲ್ಲಿ, ನೆಲ ಬೇಕೇ ಇಲ್ಲ. ನೇಗಿಲು, ನೊಗ, ಬಲೆ, ಎರಾಸ್ಮೊನ ಮೂರು ಪೀಪಾಯಿ ಹೆಂಡ, ಎಲ್ಲಾ ಈ ಕಡೆ. ತೋರುಬೆರಳು. ಮುಗೀತು! ಮಧ್ಯೆ ಓಡಾಡೋಕೆ ದಾರಿನೂ ಇದೆ ನೋಡಿ. ನಾನು ದಪ್ಪ ಇದ್ದೀನಿ, ನಾನೇ ಓಡಾಡಬಹುದು. ಇನ್ನೇನು ಬೇಕು?

ಏನು ಹಾಗೆ ನೋಡ್ತೀರಿ? ನಾಲ್ಕೂ ಮಡಚಿ ಆಯ್ತಲ್ಲ. ಆ ಹೆಬ್ಬೆರಳು ಯಾಕೆ ಕಂಬದ ಹಾಗೆ ನಿಂತಿದೆ? ಅದನ್ನೂ ಮಡಚಿ. ಹೆಂಡ ಕುಡೀರಿ, ಲೋಟ ಹಿಡಿಯೋಕೆ ಬೆರಳು ಬೇಕಲ್ಲ.

ಹಾಕ್ಲಾ ಇನ್ನೊಂದಿಷ್ಟು? ಬೇಡ್ವಾ?

ಎತ್ತರ ಬೇಕಾದ್ರೆ ಅರ್ಧ ಮೀಟರ್ ಜಾಸ್ತಿ ಮಾಡಿ. ಅದಕ್ಕೆ ನನ್ನ ತಕರಾರಿಲ್ಲ. ಅಟ್ಟ ದೊಡ್ಡದಾಗುತ್ತೆ. ನೆಲವನ್ನೂ ಒಂದು ಗೇಣು ಎತ್ತರಿಸಿ, ಇಲ್ಲಿ ಮಣ್ಣು ತೇವ. ಇಳಿಜಾರಿದೆ, ನೀರು ಹೋಗೋಕೆ ಒಂದು ಕಾಲುವೆ… ನೀವೇನೂ ಬರ್ಕೊಳ್ತಿಲ್ಲ ಮೇಸ್ತ್ರಿ.

ನಿಮ್ಮ ಕೈಲಿರೋ ಹಲಗೆ ಚೂರಿನ ಮೇಲೆ ಏನದು? ಹಳೇ ಶೆಡ್ಡಿನ ಚಿತ್ರ ಯಾಕೆ ಬರೆದ್ರಿ? ಒಂದನೇ ಅಂಕಣ, ಸರಿ, ಮೂಟೆ. ಎರಡನೇದು, ಸರಿ, ನೇಗಿಲು, ಪೀಪಾಯಿ. ಮೂರನೇದರಲ್ಲಿ ಆ ಅಡ್ಡಗೆರೆ ಎಲ್ಲಾ ಏನು? ಒಂದು, ಎರಡು, ಮೂರು, ನಾಲ್ಕು…

ಕಪಾಟಿನ ಹಲಗೆ. ಹೌದು. ಇತ್ತು.

ಇತ್ತು, ಯಾರು ಇಲ್ಲ ಅಂದ್ರು? ಮೂರನೇ ಅಂಕಣದಲ್ಲಿ ನಾವು ಬಿತ್ತನೆ ಇಡ್ತಿದ್ವಿ. ಬಿತ್ತನೆ ಮೂಟೇಲಿ ಇಡೋ ಹಾಗಿಲ್ಲ, ಹಲಗೆ ಮೇಲೆ ಹರಡಬೇಕು, ಒಂದಕ್ಕೊಂದು ತಾಕಬಾರದು, ಸ್ವಲ್ಪ ಬೆಳಕು ಬೀಳಬೇಕು. ಜಾಗ ನುಂಗೋದೇ ಅದು. ನಾನೂ ನಿಮ್ಮ ಒತೀಲಿಯಾನೂ ಬೇಕು ಅಂದ್ವಿ, ನೀವು ಹೊಡೆದುಕೊಟ್ರಿ. ಅರ್ಧ ಹಲಗೆ ನನ್ನದು, ಅರ್ಧ ಅವಳದು. ನಿಮ್ಮದು ಕಡಲ ಕಟ್ಟೆ ಮೇಲಿನ ಮನೆ, ಒಂದು ಅಂಗೈ ಮಣ್ಣಿಲ್ಲ, ಅವಳು ನನ್ನ ಹೊಲದಲ್ಲೇ ಬಿತ್ತಬೇಕಿತ್ತು. ಆ ಕರಿಗಡ್ಡೆ ಯಾರಿಗೂ ಕೊಡ್ತಿರ್ಲಿಲ್ಲ ಪುಣ್ಯಾತ್ಗಿತ್ತಿ! ಹತ್ತು ಜನ ಹೆಂಗಸರು ಕೇಳಿದ್ರು. ಬದಲಿಗೆ ಕೋಳಿ ಕೊಡ್ತೀನಿ ಅಂದೋರೂ ಇದ್ರು. "ಅಜ್ಜಿ ನನಗೆ ಕೊಟ್ಟಿದ್ದು, ನಾನು ನೆಲಿದಾಗೆ ಕೊಡ್ತೀನಿ" ಅಂತ ಒಂದೇ ಹಟ. ನೆಲಿದಾಗೆ ಆಗ ಹೊಲ ಇರ್ಲಿಲ್ಲ. ಅದಕ್ಕೇ ಹಾಸಿಗೆ ಹಿಡಿದಾಗ ನನ್ನ ಕರೆಸಿ, ನೆಲಿದಾ ಕೇಳೋವರೆಗೆ ನೀನು ಇಟ್ಕೋ ಅಂದ್ಲು. ನೀವೂ ಇದ್ರಿ. ಬಾಗಿಲ ಹತ್ರ, ಟೋಪಿ ಕೈಲಿ ಹಿಡ್ಕೊಂಡು. ಎರಡು ವರ್ಷ ಇಟ್ಕೊಂಡೆ. ಎರಡು ಸಲ ಬಿತ್ತಿದೆ, ಎರಡು ಸಲ ಆಯ್ದೆ.

ಅದಕ್ಕೂ ಇದಕ್ಕೂ ಏನು ಸಂಬಂಧ? ಬಿತ್ತನೇನ ಈ ಸಲ ಬೇರೆ ಕಡೆ ಇಟ್ರಾಯ್ತು. ಅಟ್ಟದಲ್ಲಿ. ಇಲ್ಲ, ಅಟ್ಟದಲ್ಲಿ ಹುಲ್ಲಿದೆ. ಮಂಚದ ಕೆಳಗೆ. ಎಲ್ಲಾದ್ರೂ.

ಆ ಕೋಣೆ ಬಾಗಿಲು ನೋಡ್ಬೇಡಿ. ಒಳಗೆ ಒಗೀದೇ ಇರೋ ಬಟ್ಟೆ ಗಂಟು ಬಿದ್ದಿದೆ.

ಬಿತ್ತನೆಗೆ ಬೇಕಾದ್ರೆ ಎರಾಸ್ಮೊನ ತಮ್ಮ ಕೊಡ್ತಾನೆ ಅಂತ… ಅಂದ್ರೆ ಮಾಮೂಲಿ ಗಡ್ಡೆ. ಬಿತ್ತೋ ಹೊತ್ತಿಗೆ ಇಸ್ಕೊಂಡ್ರಾಯ್ತು. ಯಾಕೆ ಇಸ್ಕೋಬೇಕು ಅಂದ್ರೆ…

ಏನಾದ್ರೂ ಮಾತಾಡಿ ಮೇಸ್ತ್ರಿ. ನೀವು ಮಾತಾಡದವರೇ, ಅದು ಗೊತ್ತು, ಆದ್ರೂ ಒಂದು ಹೂಂ ಅನ್ನಬಹುದು. ಬೈಯಬಹುದು. ಆ ಪೆನ್ಸಿಲ್ ಮೂರನೇ ಅಂಕಣದ ಮೇಲಿಂದ ತೆಗೀರಿ!

…ಸರಿ. ತೆಗೀಬೇಡಿ.

ಅದನ್ನ ಮತ್ತೆ ಕಟ್ಟಿದ್ರೆ ಕಪಾಟಿನ ಹಲಗೆ ನೀವೇ ಹೊಡೀಬೇಕು. ಹೊಡೀತಾ ಹೊಡೀತಾ ಕೇಳ್ತೀರಿ, ಒತೀಲಿಯಾದು ಯಾವ ಹಲಗೆ ಮೇಲೆ ಬರುತ್ತೆ ಅಂತ. ಅದಕ್ಕೇ ಬೇಡ ಅಂದೆ. ಹದಿನೈದು ದಿನದಿಂದ ಈ ಕಡ್ಡಿ, ಈ ಕಾಳು ಇಟ್ಕೊಂಡು ಲೆಕ್ಕ ಹಾಕ್ತಿದ್ದೀನಿ, ಆರು ಮೀಟರೇ ಸರಿ ಅಂತ ಹೇಗಾದ್ರೂ ಬರ್ಲಿ ಅಂತ. ಬರಲ್ಲ. ಐದರಲ್ಲೊಂದು, ಮೂರರಲ್ಲೊಂದು. ನನಗೂ ಲೆಕ್ಕ ಬರುತ್ತೆ ಕೊಂಪಾದ್ರೆ.

ಎರಾಸ್ಮೊಗೆ ಗೊತ್ತಿಲ್ಲ. ಮಾಮೂಲಿ ಬಿತ್ತನೆ ಮಾತ್ರ ಹೋಯ್ತು ಅಂದ್ಕೊಂಡಿದ್ದಾನೆ.

ಮನೆ ಎಳೆಯೋ ಮಿಂಗಾಗೆ ಕೈ ಜೋಡಿಸೋಕೆ ನಲವತ್ತು ಜನ ಬರ್ತಾರೆ ಅಂದ್ಕೊಂಡಿದ್ದೆ. ಊರಿಗೆ ಊರೇ ಬಂತು, ಆಚೆ ದಡದಿಂದ ಎರಡು ದೋಣಿ ಬೇರೆ. ಕೂಲಿ ಇಲ್ಲ, ಬರೀ ಅನ್ನದ ಋಣ. ಬಂದೋರಿಗೆ ಹೊಟ್ಟೆ ತುಂಬ ಹಾಕ್ಲಿಲ್ಲ ಅಂದ್ರೆ ಆ ಮನೇಲಿ ಆಮೇಲೆ ಹೇಗೆ ಬಾಳೋದು? ಒಂದೇ ದಿನದ ಕೆಲಸ ಅಂದ್ಕೊಂಡ್ವಿ. ಮನೆ ಹೋಗಿ ಹೊಳೆ ಹತ್ರ ಕೆಸರಲ್ಲಿ ಕೂತ್ಕೊಂಡಿತು, ಎರಡು ದಿನ ಆಯ್ತು. ಮೊದಲನೇ ದಿನಕ್ಕೇ ರೊಟ್ಟಿಗೆ ತುರಿದಿಟ್ಟಿದ್ದ ಗಡ್ಡೆ ಎಲ್ಲ ಖಾಲಿ. ಎರಡನೇ ದಿನ ತೊಂಬತ್ತು ಜನ ಇಲ್ಲಿ ಮೇಲೆ, ಒಲೆನೂ ಇಲ್ಲೇ ಮೇಲೆ, ತಿನ್ನೋ ಗಡ್ಡೆ ಎಲ್ಲಾ ಕೆಳಗೆ, ಬಿದ್ದ ಶೆಡ್ಡಿನಡಿ. ಮೇಲಿದ್ದದ್ದು ಬಿತ್ತನೆ ಒಂದೇ. ಅದನ್ನ ಮನೆ ಎಳೆಯೋ ಹಿಂದಿನ ದಿನವೇ ನಾನೇ ಹೊತ್ತು ತಂದಿದ್ದೆ, ಬುಟ್ಟಿ ಬುಟ್ಟಿ, ಕೂಸಿನ ಹಾಗೆ. ಬಿತ್ತನೆ ಮೊದಲು, ಆಮೇಲೆ ಮನೆ, ನಮ್ಮತ್ತೆ ಹಾಗೇ ಹೇಳಿಕೊಟ್ಟಿದ್ದು. ಆ ಮಾತು ಕೇಳದೇ ಇದ್ದಿದ್ರೆ ಬಿತ್ತನೇನೂ ಕೆಳಗೇ ಸಿಕ್ಕಿಹಾಕ್ಕೊಂಡು ಉಳೀತಿತ್ತು.

ನನ್ನದನ್ನ ಮೊದಲು ತುರಿಸಿದೆ. ಸಾಲಲಿಲ್ಲ. ಬಣ್ಣದ ಗಡ್ಡೆ ಎಲ್ಲಾ ಹೋಯ್ತು. ಸಾಲಲಿಲ್ಲ. ಆಮೇಲೆ ಅವಳ ಬುಟ್ಟೀಗೆ ಕೈ ಹಾಕಿದೆ. ಹಿಡಿಯಷ್ಟು ಉಳಿಸ್ತೀನಿ, ಹಿಡಿಯಷ್ಟಿದ್ರೆ ಮತ್ತೆ ಬೆಳೆಸಬಹುದು ಅಂತ ಮನಸ್ಸಲ್ಲಿ ಹೇಳ್ಕೊಂಡೆ. ಉಳಿಸಿದ್ದೆ ಕೂಡ. ಹನ್ನೊಂದು. ಎಣಿಸಿ ಶಾಲಿನ ತುದೀಲಿ ಕಟ್ಟಿಟ್ಟಿದ್ದೆ.

ಎಲ್ಲರೂ ತಿಂದು ಎದ್ದ ಮೇಲೆ ನೀವು ಬಂದ್ರಿ. ಎರಡು ದಿನ ಎತ್ತಿನ ಮುಂದೆ ನಡೆದಿದ್ದೋರು ನೀವು, ಕೂಗಿ ಕೂಗಿ ಗಂಟಲು ಕಟ್ಟಿತ್ತು. ಎತ್ತಿಗೆ ನೀರು ಕುಡಿಸಿ, ಹಗ್ಗ ಸುತ್ತಿಟ್ಟು, ಎಲ್ಲರಿಗಿಂತ ಕೊನೇಲಿ ತಟ್ಟೆ ಹಿಡಿದು ನಿಂತ್ರಿ. ಪಾತ್ರೆ ಖಾಲಿ. ನನ್ನ ಮನೇನ ಬೆಟ್ಟ ಹತ್ತಿಸಿದವರನ್ನ ಖಾಲಿ ತಟ್ಟೇಲಿ ಹೇಗೆ ಕಳಿಸ್ಲಿ? ಕೂತ್ಕೊಳ್ಳಿ ಅಂದೆ. ಹಿಂದಕ್ಕೆ ಹೋಗಿ ಹನ್ನೊಂದನ್ನೂ ತುರಿದೆ. ಸಿಪ್ಪೇಲಾದ್ರೂ ಕಣ್ಣಿರುತ್ತೆ, ಅದನ್ನ ನೆಟ್ರೂ ಚಿಗುರುತ್ತೆ ಅಂತ ಮಾರನೇ ಬೆಳಿಗ್ಗೆ ಹೊಳೀತು. ಅಷ್ಟು ಹೊತ್ತಿಗೆ ಹಂದಿ ತಿಂದಿತ್ತು. ಅವತ್ತಿಂದ ದಿನಾ ಹಳೇ ಹೊಲ ಕೆದಕ್ತಿದ್ದೀನಿ, ಎಲ್ಲಾದ್ರೂ ಒಂದು ಉಳಿದಿದೆಯೇನೋ ಅಂತ. ಇಲ್ಲ. ಎರಾಸ್ಮೊ ಎಷ್ಟು ಸೋಮಾರಿಯಾದ್ರೂ ಗಡ್ಡೆ ಮಾತ್ರ ಚೊಕ್ಕವಾಗಿ ಕೀಳ್ತಾನೆ. ನೆಲಿದಾ ಮುಖ ನೋಡೋಕೆ ನನಗೆ ನಾಚಿಕೆ. ನಿಮ್ಮ ಮುಖ ನೋಡೋಕೂ.

ನೆನಪಿದೆಯಾ? ರೊಟ್ಟಿ ಮುರಿದ್ರಿ, ಒಳಗೆ ನೇರಳೆ ಬಣ್ಣ. ಬಾಯಿಗೆ ಹಾಕ್ಕೊಂಡು ತುಂಬ ಹೊತ್ತು ಅಗಿದ್ರಿ. "ಒತೀಲಿಯಾ ಮಾಡಿದ ಹಾಗೇ ಇದೆ ಕೊಮಾದ್ರೆ" ಅಂದ್ರಿ. ಅವಳು ಹೋದ ಮೇಲೆ ಅವಳ ಹೆಸರು ನಿಮ್ಮ ಬಾಯಲ್ಲಿ ನಾನು ಕೇಳಿದ್ದು ಅವತ್ತೇ. ಆಗ್ಲೇ ಹೇಳಬೇಕಿತ್ತು. ಇನ್ನೊಂದು ಹಾಕ್ಲಾ ಅಂತ ಕೇಳಿದೆ. ಹಾಕಿ ಅಂದ್ರಿ. ಹಾಕಿದೆ.

ಅದೇ ಕೊನೇದು.